ಬೆನ್ನು ತಿರುಗಿಸಿ ಎಣಿಸುತ್ತಿದ್ದ ಕಾಕಾ

ಕಾರು ಮಾರುವವನ ಮಾತನ್ನು ಪೂರ್ತಿ ನಂಬಬೇಡಿ. ಹದಿನೆಂಟು ವರ್ಷದಿಂದ ಬೀದರಿನಲ್ಲಿ ಕಾರು ಮಾರಿಯೇ ಹೊಟ್ಟೆ ಹೊರೆಯುತ್ತಿರುವ ನಾನೇ ಇದನ್ನು ಹೇಳುತ್ತಿದ್ದೇನೆ. ‘ನಿಮ್ಮ ಫ್ಯಾಮಿಲಿಗೆ ಹೇಳಿ ಮಾಡಿಸಿದ ಗಾಡಿ ಸರ್’ ಎಂಬ ಮಾತನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಈಗ ಅದನ್ನು ಹೇಳುವಾಗ ಬಾಯಿ ಮಾತ್ರ ಆಡುತ್ತದೆ, ಮನಸ್ಸು ಮಧ್ಯಾಹ್ನದ ಊಟದ ಡಬ್ಬಿಯಲ್ಲಿರುತ್ತದೆ. ಮೂವರ ಸಂಸಾರಕ್ಕೂ ಅದೇ ಮಾತು, ಒಂಬತ್ತು ಮಂದಿಯ ಸಂಸಾರಕ್ಕೂ ಅದೇ ಮಾತು. ನಮ್ಮ ಷೋರೂಮಿನಲ್ಲಿ ಆ ಮಾತನ್ನು ಒಮ್ಮೆಯೂ ಆಡದ ಒಬ್ಬರಿದ್ದರು. ಕಳೆದ ದೀಪಾವಳಿ ಮುಗಿದ ವಾರದಲ್ಲಿ ತೀರಿಕೊಂಡರು. ಬರೆಯುವುದು ನನ್ನ ಕಸುಬಲ್ಲ, ಆದರೂ ಅವರ ಬಗ್ಗೆ ನಾಲ್ಕು ಮಾತು ಬರೆಯದೆ ನನಗೆ ಸಮಾಧಾನವಿಲ್ಲ.

ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದೆವು. ಗಿರಾಕಿಗೆ ಗಾಡಿ ಓಡಿಸಿ ತೋರಿಸುವುದು ಅವರ ಕೆಲಸ. ಔರಾದ್ ತಾಲೂಕಿನ ಚಿಂತಾಕಿಯವರು, ಕುರಿ ಕಾಯುವ ಮನೆತನ. ಹುಡುಗನಾಗಿದ್ದಾಗ ಹಿಂಡಿನ ಹಿಂದೆ ನಡೆದವರು, ಆಮೇಲೆ ಇಪ್ಪತ್ತು ವರ್ಷ ಔರಾದಿನಿಂದ ಬೀದರಿಗೆ ಬಾಡಿಗೆ ಜೀಪು ಓಡಿಸಿದವರು. ಕುಳ್ಳು ಆಳು, ಬಿಳಿ ಅಂಗಿ, ಹೆಗಲ ಮೇಲೆ ಟವಲು. ಕಂಪನಿಯವರು ಕೊಟ್ಟ ಟೈ ಅನ್ನು ಒಂದೇ ದಿನ ಕಟ್ಟಿಕೊಂಡಿದ್ದರು. ‘ಟಗರಿನ ಕೊಳ್ಳಿಗಿ ಹಗ್ಗ ಕಟ್ಟಿದಂಗ ಆಗ್ಯಾದ ನೋಡ್ರಿ’ ಎಂದು ಬಿಚ್ಚಿ ಮೇಜಿನ ಮೇಲಿಟ್ಟವರು ಮತ್ತೆ ಮುಟ್ಟಲಿಲ್ಲ.

ಗಿರಾಕಿ ಬಂದರೆ ನಾವೆಲ್ಲ ಮನೆಯ ಯಜಮಾನನನ್ನು ಸ್ಟೇರಿಂಗಿನ ಹಿಂದೆ ಕೂಡಿಸುತ್ತೇವೆ. ಒಮ್ಮೆ ಅಲ್ಲಿ ಕೂತನೆಂದರೆ ಅರ್ಧ ವ್ಯಾಪಾರ ಆದಂತೆ. ಕಾಕಾ ಕೇಳುತ್ತಿದ್ದದ್ದೇ ಬೇರೆ. ‘ಮನ್ಯಾಗ ಎಲ್ಲಾರಿಗಿಂತ ಕಷ್ಟಪಟ್ಟು ನಡಿಯೋರು ಯಾರ್ರಿ? ಅವರಿಗಿ ಕರಕೊಂಡ ಬರ್ರಿ.’ ಮುದುಕಿಯೋ, ಬಸುರಿಯೋ, ಸೊಂಟ ಹಿಡಿದ ಮಾವನೋ ಬಂದರೆ, ಕಾಕಾ ಗಾಡಿಯ ಬಾಗಿಲನ್ನು ಪೂರ್ತಿ ತೆರೆದಿಟ್ಟು ‘ಹತ್ರಿ’ ಎಂದು ಹೇಳಿ, ತಾವು ಬೆನ್ನು ತಿರುಗಿಸಿ ರಸ್ತೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಕೈ ಹಿಂದೆ ಕಟ್ಟಿಕೊಂಡು, ತುಟಿಯೊಳಗೇ ಒಂದ್, ಎರಡ್, ಮೂರ್ ಎಂದು ಎಣಿಸುತ್ತಿದ್ದರು. ಬಾಗಿಲು ಹಾಕಿದ ಸದ್ದಾದ ಮೇಲೇ ತಿರುಗುವುದು. ಐದರೊಳಗೆ ಹತ್ತಿ ಕೂತರೆ ಗಾಡಿ ಆ ಮನೆಗೆ ಸರಿ. ಹತ್ತು ದಾಟಿತೋ, ‘ಇದು ಬ್ಯಾಡ್ರಿ, ಬ್ಯಾರೆ ನೋಡ್ರಿ’ ಎಂದು ಗಿರಾಕಿಯ ಮುಖಕ್ಕೇ ಹೇಳಿಬಿಡುವರು. ನಮ್ಮ ಮ್ಯಾನೇಜರು ಹಲ್ಲು ಕಡಿಯುತ್ತಿದ್ದ.

ಮೊದಮೊದಲು ನನಗೆ ಇದು ನಾಟಕವೆನಿಸಿತ್ತು. ನೋಡುವುದೇ ಇಲ್ಲವೆಂದರೆ ತಿಳಿಯುವುದಾದರೂ ಹೇಗೆ ಎಂದು ಒಂದು ದಿನ ಕೇಳಿದೆ.

‘ಮಂದಿ ನೋಡೋವಾಗ ಮನಷ್ಯಾ ಸುಳ್ಳ ಹತ್ತತಾನ, ತಮ್ಮಾ. ನೋವ ಇದ್ರೂ ನಕ್ಕೋತ ಹತ್ತತಾನ. ಯಾರೂ ನೋಡಂಗಿಲ್ಲ ಅಂದ್ರ ಖರೆ ಹತ್ತತಾನ. ಎಣಿಸಿದ್ರ ಸಾಕು, ಕಿವಿಗಿ ತಿಳೀತದ.’

ಆಮೇಲೆ ಜೀಪಿನ ದಿನಗಳ ಒಂದು ಮುದುಕಿಯ ಕಥೆ ಹೇಳಿದರು. ಔರಾದಿನ ಸ್ಟ್ಯಾಂಡಿನಲ್ಲಿ ಜೀಪಿನ ಹಿಂದಿನ ಮೆಟ್ಟಿಲಿಗೆ ಕಾಲಿಡುವಾಗ ಆಕೆಯ ಸೀರೆ ಸಿಕ್ಕಿ, ಕಾಲು ಜಾರಿ, ಒಳಗೆ ಕೂತಿದ್ದ ಹದಿನಾರು ಮಂದಿ ಗೊಳ್ಳೆಂದು ನಕ್ಕರಂತೆ. ನಕ್ಕವರಲ್ಲಿ ಕಾಕಾನೂ ಒಬ್ಬರು. ಅವತ್ತು ಆಕೆ ಹತ್ತಿ ಕೂತಳು. ಮರುವಾರದಿಂದ ಹತ್ತಲಿಲ್ಲ. ‘ನನ್ನ ಜೀಪ್ ಬಾಜೂದಾಗೇ ನಡಕೋತ ಹೋಗ್ತಿದ್ಲು. ನಿಂದರ್ಸಿ ಕರದ್ರೂ ಬರಲಿಲ್ಲ. ಗಾಡಿ ಹತ್ತೋದು ಅಂದ್ರ ಇಜ್ಜತ್ತಿನ ಮಾತು, ಮಾನದ ಮಾತು, ತಮ್ಮಾ. ಕಾಲಿನ ಮಾತಲ್ಲ.’

ಷೋರೂಮಿಗೆ ಹೊಸ ಮಾದರಿ ಬಂತೆಂದರೆ ಕಾಕಾ ಅದನ್ನು ಒಂದು ದಿನ ಸುತ್ತಿಸಿಕೊಂಡು ಬರಲೇಬೇಕು. ದಾರಿ ಯಾವಾಗಲೂ ಒಂದೇ: ಬೀದರಿನಿಂದ ಭಾಲ್ಕಿ, ಭಾಲ್ಕಿಯಿಂದ ಕಮಲನಗರ, ಅಲ್ಲಿಂದ ಔರಾದ್, ಔರಾದಿನಿಂದ ಮರಳಿ ಬೀದರ್. ಗಾಡಿ ಓಡಿಸುವುದು ನಾನು. ಕಾಕಾ ಕೂಡುವುದು ಹಿಂದಿನ ಸೀಟಿನ ನಡುವೆ, ಯಾರೂ ಕೂಡಲು ಬಯಸದ ಜಾಗದಲ್ಲಿ. ಡಿಕ್ಕಿಯಲ್ಲಿ ಮನೆಯಿಂದ ತಂದ ಬೇಳೆ ಸಾರಿನ ಡಬ್ಬಿ. ಆ ಡಬ್ಬಿಯ ಮುಚ್ಚಳ ಸಡಿಲ, ಬೇಕೆಂದೇ ಸಡಿಲವಾದದ್ದನ್ನು ಆರಿಸಿ ತರುತ್ತಿದ್ದರು. ಔರಾದ್ ಮುಟ್ಟುವ ಹೊತ್ತಿಗೆ ಬೇಳೆ ಎಷ್ಟು ಚೆಲ್ಲಿದೆ ಎಂಬುದರ ಮೇಲೆ ಗಾಡಿಯ ಸ್ಪ್ರಿಂಗಿನ ತೀರ್ಪು. ಉಳಿದದ್ದನ್ನು ರೊಟ್ಟಿಯೊಂದಿಗೆ ಇಬ್ಬರೂ ಉಣ್ಣುತ್ತಿದ್ದೆವು. ಹೊಸ ಗಾಡಿಗೆ ಅರಿಶಿನದ ಕಲೆಯಾಗಿದೆ ಎಂದು ಮ್ಯಾನೇಜರು ಬೈದ ದಿನ ಕಾಕಾ ನಿಂಬೆಹಣ್ಣು ತಂದು ತಾವೇ ತಿಕ್ಕಿ ತೊಳೆದರು, ಮುಂದಿನ ಗಾಡಿಗೆ ಮತ್ತೆ ಅದೇ ಡಬ್ಬಿ ತಂದರು.

ಕ್ರಾಸ್‌ಓವರ್ ಎಂಬ ಜಾತಿಯ ಗಾಡಿ ನಮ್ಮಲ್ಲಿಗೆ ಬಂದದ್ದು ಒಂದು ಬೇಸಗೆಗೆ ಸ್ವಲ್ಪ ಮೊದಲು. ಕಂಪನಿಯವರು ಎಸ್‌ಯುವಿ ಎಂದು ಕರೆದು, ಗುಡ್ಡದ ಮೇಲೆ ನಿಲ್ಲಿಸಿದ ಫೋಟೋ ಕಳಿಸಿದ್ದರು. ನೆಲದಿಂದ ಎತ್ತರ, ಅಗಲ ಮೂತಿ, ಮೇಲೆ ಕಬ್ಬಿಣದ ಕಂಬಿಗಳು. ನೋಡಿದವರೆಲ್ಲ ಜೀಪು ಜೀಪು ಎಂದರು. ಸುತ್ತಿನ ನಡುವೆ ಔರಾದಿನ ಹೊರಗೆ ಬೇವಿನ ಮರದ ಕೆಳಗೆ ಡಬ್ಬಿ ಬಿಚ್ಚಿದಾಗ ನಾನು ಕೇಳಿದೆ.

‘ಹ್ಯಾಂಗದ ಕಾಕಾ?’

‘ಜೀಪಿನ ಅಂಗಿ ತೊಟ್ಟ ಕಾರು.’

‘ಅಂದ್ರ ಛಲೋ ಇಲ್ಲೇನು?’

‘ಛಲೋ ಇಲ್ಲ ಅಂತ ಯಾರ್ ಅಂದ್ರು? ಬ್ಯಾಳಿ ನೋಡು, ಹನಿ ಚೆಲ್ಲಿಲ್ಲ. ಭಾಲ್ಕಿ ಹಾದೀನಾಗ ಅಷ್ಟ ತಗ್ಗಿದ್ವು, ನನ್ನ ಸೊಂಟಕ್ಕ ಗೊತ್ತೇ ಆಗಲಿಲ್ಲ. ಸೀಟ್ ಸರೀ ಕುಂಡಿ ಮಟ್ಟಕ್ಕ ಬರ್ತದ. ಕಾರಿನ್ಯಾಂಗ ಇಳೀಬೇಕಾಗಿಲ್ಲ, ಜೀಪಿನ್ಯಾಂಗ ಏರಬೇಕಾಗಿಲ್ಲ. ಖರೆ, ಜೋರ್ ಬರೀ ಮುಂದಿನ ಎರಡ ಗಾಲಿಗಿ ಅದ. ಮಳಿ ಬಿದ್ದ ಎರಿ ಮಣ್ಣಿನ ಹೊಲದಾಗ ಇಳಿಸಿದ್ರ ಅಲ್ಲೇ ಕೂಡ್ತದ. ಹಿಂದ ಮೂರ ಮಂದಿ ಅಂತ ಬರದಾರ, ನಡುವಿನವನಿಗಿ ಮನಷ್ಯಾ ಅಂತ ಎಣಿಸಿಲ್ಲ.’ ರೊಟ್ಟಿ ಮುರಿಯುತ್ತ ಇನ್ನೊಂದು ಮಾತು ಸೇರಿಸಿದರು. ‘ಹಿಂದಿನ ಬಾಗಿಲ ಸಣ್ಣದು. ಗಾಲಿ ಉಬ್ಬ ಒಳಗ ಬಂದದ. ಮೊಣಕಾಲ ಮಡಚಲಾರದವರಿಗಿ ಹಿಂದ ಕೂಡಿಸಬ್ಯಾಡ.’

ಇದನ್ನು ನಾನು ಕೇಳಿದೆ. ಹ್ಞೂಂ ಎಂದೂ ಅಂದೆ. ಅಂಥ ಮಾತು ಅವರು ಪ್ರತಿ ಗಾಡಿಗೂ ಹತ್ತು ಹೇಳುತ್ತಿದ್ದರು. ಒಂದು ಕಿವಿಯಲ್ಲಿ ಬಂದದ್ದು ಇನ್ನೊಂದು ಕಿವಿಯಲ್ಲಿ ಹೋಯಿತು.

ಕಮಲನಗರದ ಕಡೆಯ ಒಬ್ಬ ರೈತ ಅಣ್ಣತಮ್ಮಂದಿರನ್ನು ಕಟ್ಟಿಕೊಂಡು ಅದೇ ಗಾಡಿ ಕೇಳಿಕೊಂಡು ಬಂದ. ಹೊಲಕ್ಕೂ ಆಗಬೇಕು, ಊರಿಗೂ ಆಗಬೇಕು ಎಂದ. ಹೊಲಕ್ಕೆ ಆಗುವುದಿಲ್ಲವೆಂದು ಕಾಕಾ ಎರಡು ಸಲ ಹೇಳಿದರು. ಮ್ಯಾನೇಜರು ನಡುವೆ ಬಾಯಿ ಹಾಕಿ ಎಲ್ಲದಕ್ಕೂ ಆಗುತ್ತದೆ ಎಂದ. ಆತ ಒಯ್ದ. ಮೊದಲ ಮಳೆಗೇ ಸೋಯಾ ಹೊಲದ ಬದಿಯಲ್ಲಿ ಗಾಡಿ ಹೊಟ್ಟೆ ಮಟ್ಟ ಹೂತಿತು. ಆತ ಫೋನು ಮಾಡಿದ್ದು ಷೋರೂಮಿಗಲ್ಲ, ಕಾಕಾಗೆ. ರಜೆ ಹಾಕಿ, ಹಗ್ಗ ಹೊತ್ತುಕೊಂಡು ಬಸ್ಸಿನಲ್ಲಿ ಹೋದರು, ಜೊತೆಗೆ ನನ್ನನ್ನೂ ಎಳೆದುಕೊಂಡು. ನಾನಾಗಿದ್ದರೆ ‘ನಾ ಹೇಳಿರಲಿಲ್ಲೇನು’ ಎಂದು ಆಡಿ ತೋರಿಸದೆ ಬರುತ್ತಿರಲಿಲ್ಲ. ಕಾಕಾ ಮೊಣಕಾಲವರೆಗೆ ರಾಡಿಯಲ್ಲಿ ನಿಂತು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿದರು, ಗಾಡಿ ಮೇಲೆ ಬಂದ ಮೇಲೆ ಅದರ ಬಾನೆಟ್ಟು ಸವರಿ ‘ಪಾಪ, ಇದರ ತಪ್ಪೇನಿಲ್ಲ’ ಎಂದರು. ಅಷ್ಟೇ. ಆ ರೈತ ನಾಚಿಕೆಯಿಂದ ನೆಲ ನೋಡುತ್ತ ಚಹಾ ತರಿಸಿದ.

ಈಗ ನನ್ನ ಮನೆಯ ವಿಷಯಕ್ಕೆ ಬರಬೇಕು, ಅದನ್ನು ಬಿಟ್ಟರೆ ಕಾಕಾ ಅರ್ಧವೇ ಆಗುತ್ತಾರೆ.

ಮೈಲೂರಿನಲ್ಲಿ ನಮ್ಮ ಮನೆ. ಅವ್ವ, ಹೆಂಡತಿ, ಹತ್ತು ವರ್ಷದ ಮಗಳು, ಮತ್ತು ನನ್ನ ತಂಗಿ ಸವಿತಾ. ಸವಿತಾ ಬೀದರಿನ ಒಂದು ಸಾಲೆಯಲ್ಲಿ ಮಾಸ್ತರಣಿ. ಎರಡು ವರ್ಷದ ಕೂಸಾಗಿದ್ದಾಗ ಪೋಲಿಯೋ ಬಂದು ಎಡಗಾಲು ಸೋತಿದೆ. ತೊಡೆಯಿಂದ ಬೂಟಿನವರೆಗೆ ಕಬ್ಬಿಣದ ಪಟ್ಟಿ, ಮೊಣಕಾಲು ಮಡಚುವುದಿಲ್ಲ. ಸಾಲೆಗೆ ಆಟೋದಲ್ಲಿ ಹೋಗುತ್ತಾಳೆ. ಮೊದಲು ಸೀಟಿನ ಅಂಚಿಗೆ ಕೂತು, ಆಮೇಲೆ ಆ ಕಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟುಕೊಳ್ಳುತ್ತಾಳೆ. ಯಾರ ಹಂಗೂ ಇಲ್ಲ. ಪರ ಊರಿಗೆ ಹೋಗುವುದೆಂದರೆ ಬಸ್ಸು. ಬಸ್ಸಿನ ಬಾಗಿಲಲ್ಲಿ ಕಂಡಕ್ಟರು ಮೇಲಿಂದ ರಟ್ಟೆ ಹಿಡಿದು ಎಳೆಯುವುದು, ಹಿಂದಿನಿಂದ ಯಾರೋ ದೂಡುವುದು. ಎಲ್ಲರೂ ಒಳ್ಳೆಯವರೇ. ‘ಪಾಪ, ಜರಾ ಜಾಗಾ ಕೊಡ್ರಿ’ ಎನ್ನುವವರೇ. ಒಮ್ಮೆ ಹಾಗೆ ಬಂದಿಳಿದ ಸಂಜೆ ಅವಳು ನನಗೆ ಹೇಳಿದ್ದಳು.

‘ಅಣ್ಣಾ, ಕಾರ್ ಮಾರೋ ಮನ್ಯಾಗ ನಮಗೊಂದು ಗಾಡಿ ಇಲ್ಲ. ಹಳೇದಾದ್ರೂ ನಡೀತದ, ಒಂದು ನೋಡು. ನನಗ ಯಾರೂ ಎತ್ತಬಾರದು. ಅಷ್ಟೇ ನಾ ಕೇಳೋದು.’

ಆ ಮಾತು ನನ್ನ ಮನಸ್ಸಿನಲ್ಲಿ ವರ್ಷಗಟ್ಟಲೆ ಕೂತಿತ್ತು. ನನಗೆ ಬಡ್ತಿ ಸಿಕ್ಕ ವರ್ಷ ಅವಳ ಸಲುವಾಗಿಯೇ ಗಾಡಿ ಕೊಂಡೆ. ಹಳೆಯದಲ್ಲ, ಹೊಸದು. ಅದೇ ಕ್ರಾಸ್‌ಓವರ್. ಕಾಕಾ ಕಣ್ಣಿನ ಆಪರೇಶನ್ ಮಾಡಿಸಿಕೊಂಡು ಚಿಂತಾಕಿಯಲ್ಲಿದ್ದಾಗ ಬುಕ್ ಮಾಡಿದೆ. ಮರಳಿ ಬಂದವರಿಗೆ ಸುದ್ದಿ ಹೇಳಿದಾಗ ಅವರು ಮೊದಲು ಕೇಳಿದ್ದೇ ಇದು.

‘ತಂಗಿಗಿ ಕೂಡ್ಸಿ ನೋಡಿದೇನು?’

‘ಇಲ್ಲ ಕಾಕಾ. ಅಕಿಗಿ ಗೊತ್ತಿಲ್ಲ. ಯುಗಾದಿ ದಿನ ಒಮ್ಮೇಲೇ ತಂದು ನಿಂದರಸ್ತೇನಿ.’

ಕಾಕಾ ಟವಲಿನಿಂದ ಮುಖ ಒರೆಸಿಕೊಂಡರು. ‘ನಾವು ಕುರಿ ಸೈತ ಹಿಂಡಿನಾಗ ಬಿಟ್ಟು ನೋಡಿ ತರ್ತೇವಿ’ ಎಂದಷ್ಟೇ ಹೇಳಿ ಹೊರಗೆ ಹೋದರು. ನನಗೆ ಸಿಟ್ಟು ಬಂತು. ಸಂತೋಷದ ಸುದ್ದಿಗೆ ಎರಡು ಒಳ್ಳೆಯ ಮಾತು ಆಡಬಾರದೇ ಎಂದುಕೊಂಡೆ.

ಯುಗಾದಿಯ ದಿನ ಗಾಡಿ ಗಲ್ಲಿಗೆ ಬಂತು. ಚೆಂಡು ಹೂವಿನ ಹಾರ, ಗಾಲಿಗಳ ಕೆಳಗೆ ನಿಂಬೆಹಣ್ಣು, ತೆಂಗಿನಕಾಯಿ. ಅಕ್ಕಪಕ್ಕದವರೆಲ್ಲ ಸೇರಿದರು. ಮೊದಲು ಅವ್ವನನ್ನು ಕೈಹಿಡಿದು ಮುಂದಿನ ಸೀಟಿನಲ್ಲಿ ಕೂಡಿಸಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಡ್ರೈವರನ ಪಕ್ಕದ ಸೀಟೆಂದರೆ ಮಾನದ ಸೀಟು. ಜೀಪಿನ ಕಾಲದಿಂದಲೂ ಅಲ್ಲಿ ಕೂಡುವವರು ಊರಗೌಡ, ಮಾಸ್ತರ, ಬೀಗರು. ನನ್ನ ಅವ್ವ ಅಪ್ಪನ ಜೊತೆ ಹೋದಾಗಲೆಲ್ಲ ಹಿಂದೆ ಚೀಲಗಳ ಮೇಲೆ ಕೂತು ಹೋದವಳು. ನನ್ನ ಗಾಡಿ ಬಂದ ದಿನ ಅವ್ವ ಮುಂದೆ ಕೂಡಬೇಕು ಎಂಬುದು ನಾನು ಮೀಸೆ ಬರುವ ಮೊದಲೇ ಕಟ್ಟಿಕೊಂಡ ಹಟ. ‘ರಾಣಿ ಹಂಗ ಕೂಡು’ ಎಂದೆ. ಕೂತಳು.

ಆಮೇಲೆ ಸವಿತಾಳ ಸರದಿ. ಹಿಂದಿನ ಬಾಗಿಲು ತೆರೆದೆ. ಅವಳ ಮುಖದಲ್ಲಿ ಬೆಳಕಿತ್ತು. ಆಟೋದಲ್ಲಿ ಮಾಡುವ ಹಾಗೆ ಮೊದಲು ಸೀಟಿನ ಅಂಚಿಗೆ ಕೂಡಲು ನೋಡಿದಳು. ಬಾಗಿಲು ಅಷ್ಟು ಅಗಲ ತೆರೆಯಲಿಲ್ಲ, ಗಾಲಿಯ ಉಬ್ಬು ಅಡ್ಡ ಬಂತು. ತಿರುಗಿ ಇನ್ನೊಂದು ರೀತಿ ನೋಡಿದಳು. ನೆಟ್ಟಗಿನ ಕಾಲು ಮುಂದಿನ ಸೀಟಿನ ಬೆನ್ನಿಗೆ ತಾಗಿತು. ಮತ್ತೊಮ್ಮೆ ನೋಡಿದಳು. ಗಲ್ಲಿಯೆಲ್ಲ ನೋಡುತ್ತಿತ್ತು. ‘ಹೋಶಿಯಾರ್, ಹೋಶಿಯಾರ್’ ಎಂದರು ಯಾರೋ. ‘ಎತ್ತೋ, ಏನ್ ನೋಡ್ಕೋತ ನಿಂತಿ’ ಎಂದರು ಇನ್ನಾರೋ. ನಾನು ಎತ್ತಿದೆ. ಕಂಕುಳಿಗೆ ಕೈ ಹಾಕಿ, ಕೂಸಿನ ಹಾಗೆ ಎತ್ತಿ ಒಳಗೆ ಕೂಡಿಸಿದೆ. ಮಂದಿ ಚಪ್ಪಾಳೆ ಹೊಡೆದರು. ಸವಿತಾ ನಕ್ಕಳು.

ಪಕ್ಕದ ಮನೆಯವರು ಅದನ್ನು ಫೋನಿನಲ್ಲಿ ಹಿಡಿದಿದ್ದರು. ಸಂಜೆಯೊಳಗೆ ನಮ್ಮ ಬಳಗದ ವಾಟ್ಸಾಪ್ ಗುಂಪಿನಲ್ಲಿ ಬಂತು. ಅಣ್ಣನೆಂದರೆ ಹೀಗಿರಬೇಕು, ಕಣ್ಣಲ್ಲಿ ನೀರು ಬಂತು ಎಂದು ಒಬ್ಬರ ಮೇಲೊಬ್ಬರು ಬರೆದರು. ಆ ಗುಂಪಿನಲ್ಲಿ ಸವಿತಾಳೂ ಇದ್ದಳು.

ಅಂದಿನಿಂದ ಅವಳು ಆ ಗಾಡಿ ಹತ್ತಲಿಲ್ಲ. ಕಮಲನಗರದಲ್ಲಿ ಮಾವನ ಮಗಳ ಮದುವೆ, ಸವಿತಾಗೆ ಪರೀಕ್ಷೆಯ ಪೇಪರು ತಿದ್ದುವುದಿತ್ತು. ಭಾಲ್ಕಿಯಲ್ಲಿ ಅತ್ತೆಯ ಹೊಸ ಮನೆಯ ಶಾಂತಿ, ಆಗಲೂ ಪೇಪರು. ಸಾಲೆಗೆ ರಜೆ ಇದ್ದ ಮೇ ತಿಂಗಳಿನಲ್ಲೂ ಪೇಪರು. ‘ನೀವು ಹೋಗಿ ಬರ್ರಿ’ ಎಂದು ಬಾಗಿಲಲ್ಲಿ ನಿಂತು ಕೈ ಬೀಸುತ್ತಿದ್ದಳು. ಅವಳ ಸಲುವಾಗಿ ತಂದ ಗಾಡಿಯಲ್ಲಿ ಅವಳೊಬ್ಬಳನ್ನು ಬಿಟ್ಟು ಎಲ್ಲರೂ ತಿರುಗಿದೆವು. ಕಾರಣ ನನಗೆ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಗಾಡಿ ಚಾಲೂ ಮಾಡುತ್ತಿದ್ದೆ.

ಇದನ್ನು ಕಾಕಾಗೆ ನಾನು ಹೇಳಿರಲಿಲ್ಲ. ವಾಟ್ಸಾಪಿನ ವಿಡಿಯೋ ಕೈಯಿಂದ ಕೈಗೆ ಷೋರೂಮಿಗೂ ಬಂದಿತ್ತು. ಮ್ಯಾನೇಜರು ಅದನ್ನು ಜಾಹೀರಾತಿಗೆ ಬಳಸೋಣವೇ ಎಂದು ಕೇಳುತ್ತಿದ್ದಾಗ ಕಾಕಾ ಹಿಂದೆ ನಿಂತು ನೋಡಿದ್ದರು. ಜೂನಿನ ಒಂದು ಭಾನುವಾರ ಹೇಳದೆ ಕೇಳದೆ ನಮ್ಮ ಮನೆಗೆ ಬಂದರು. ಅವ್ವ ಭಜನೆಗೆ ಹೋಗಿದ್ದಳು.

‘ತಂಗೆವ್ವಾ, ಗಾಡೀದು ನನಗೊಂದು ನೋಡೋದದ. ನಿನ್ನ ಬಿಟ್ರ ಯಾರ ಕೈಲೂ ಆಗಂಗಿಲ್ಲ. ನಿನಗ ಮನಸ್ಸಿದ್ರ ಅಷ್ಟೇ ಬಾ’ ಎಂದರು.

ಸವಿತಾ ನನ್ನನ್ನು ನೋಡಿದಳು, ಕೋಲು ತೆಗೆದುಕೊಂಡು ಹೊರಗೆ ಬಂದಳು. ಕಾಕಾ ಮುಂದಿನ ಬಾಗಿಲು ತೆರೆದು, ಸೀಟನ್ನು ಎಷ್ಟು ಹಿಂದೆ ಹೋಗುತ್ತದೋ ಅಷ್ಟೂ ಸರಿಸಿದರು. ಆಮೇಲೆ ನನ್ನ ಹೆಗಲು ಹಿಡಿದು ಗೋಡೆಯ ಕಡೆ ತಿರುಗಿಸಿ ತಾವೂ ತಿರುಗಿ ನಿಂತರು. ಒಂದ್, ಎರಡ್. ಕೋಲು ಗಾಡಿಗೆ ತಾಗಿದ ಸದ್ದು. ನಾಕ್, ಐದ್. ಪಟ್ಟಿಯ ಕಬ್ಬಿಣ ಕಿರ್ ಎಂದಿತು. ಎಂಟ್. ಹನ್ನೊಂದಕ್ಕೆ ಬಾಗಿಲು ಹಾಕಿದ ಸದ್ದಾಯಿತು. ತಿರುಗಿ ನೋಡಿದರೆ ಸವಿತಾ ಮುಂದಿನ ಸೀಟಿನಲ್ಲಿ ಕಾಲು ನೀಡಿ ಕೂತಿದ್ದಳು.

‘ಕಾಕಾ, ನಾನೇ ಕೂತೆ’ ಎಂದಳು. ಮೂವತ್ತಾರು ವರ್ಷದ ಹೆಂಗಸಿನ ದನಿಯಾಗಿರಲಿಲ್ಲ ಅದು.

‘ಹತ್ತು ದಾಟ್ತು ಕಾಕಾ’ ಎಂದು ನಾನು ಮೆಲ್ಲಗೆ ಅಂದೆ.

‘ಸುಮ್ ಕೂಡೋ. ನೂರಾದ್ರೂ ನಡೀತದ. ಅಕಿ ತಾನೇ ಹತ್ಯಾಳ.’

ಸವಿತಾ ಸ್ವಲ್ಪ ಹೊತ್ತು ಮುಂದಿನ ಗಾಜಿನಿಂದ ಗಲ್ಲಿಯನ್ನು ನೋಡಿದಳು. ‘ಖರೆ, ಇದು ಅವ್ವನ ಸೀಟು’ ಎಂದು ತಾನೇ ಬಾಗಿಲು ತೆರೆದು ಇಳಿದಳು. ಚಹಾಕ್ಕೆ ನೀರಿಡುತ್ತೇನೆಂದು ಒಳಗೆ ಹೋದಳು.

ಕಾಕಾ ನನ್ನನ್ನು ಗೇಟಿನ ಹೊರಗೆ ಕರೆದೊಯ್ದರು. ‘ಗಾಡೀದಾಗ ತಪ್ಪಿಲ್ಲ, ತಮ್ಮಾ. ನೀವು ಕೂಡೋದರಾಗ ಅದ. ಅವ್ವಗ ಹಿಂದ ಕೂಡ್ಲಾಕ ಹೇಳು.’

‘ಹ್ಯಾಂಗ ಹೇಳ್ಲಿ ಕಾಕಾ? ಜಿಂದಗೀದಾಗ ಮೊದಲ ಸಲ ಮುಂದ ಕೂತಾಳ. ಅವ್ವನ ಇಜ್ಜತ್ ನಾ ಹ್ಯಾಂಗ ತೆಗೀಲಿ? ನೀವೇ ಒಂದು ಮಾತು ಹೇಳ್ರಿ, ನಿಮ್ಮ ಮಾತು ಕೇಳ್ತಾಳ.’

‘ಮಂದಿ ಮನ್ಯಾಗಿನ ಸೀಟ್ ನಾ ಹಂಚಬಾರದು. ಮನಿ ನಿಂದು. ನೀ ಕೇಳು. ಏನಂತಾಳ, ಕೇಳಿ ನೋಡು.’

‘ಕೇಳ್ತೇನಿ’ ಎಂದೆ.

ಕೇಳಲಿಲ್ಲ. ಇಡೀ ದಿನ ಮಂದಿಯನ್ನು ಕೇಳುವುದೇ ನನ್ನ ಕೆಲಸ. ಎಷ್ಟು ಜನ ಸರ್, ಲಾಂಗ್ ಹೋಗ್ತೀರಾ ಸರ್, ಮನೇಲಿ ಯಾರು ಡ್ರೈವ್ ಮಾಡ್ತಾರೆ ಮೇಡಂ. ಸಂಜೆ ಮನೆ ಮುಟ್ಟುವ ಹೊತ್ತಿಗೆ ಇನ್ನೊಂದು ಪ್ರಶ್ನೆ ಕೇಳುವ ಶಕ್ತಿ ಇರುತ್ತಿರಲಿಲ್ಲ. ಇದು ನೆಪ, ನನಗೆ ಗೊತ್ತು. ಅವ್ವನ ಮುಖ ಸಣ್ಣದಾಗುವುದನ್ನು ನೋಡುವ ಧೈರ್ಯವಿರಲಿಲ್ಲ. ಬೆಳಿಗ್ಗೆ ಷೋರೂಮಿನಲ್ಲಿ ಕಾಕಾ ಎದುರಾದ ಕೂಡಲೇ ‘ಕೇಳಿದೇನು?’ ಎನ್ನುವರು. ‘ಕೇಳ್ತೇನಿ ಕಾಕಾ’ ಎನ್ನುವೆ. ಆಮೇಲಾಮೇಲೆ ಅವರ ಕಣ್ಣು ತಪ್ಪಿಸಿ ಹಿಂದಿನ ಬಾಗಿಲಿನಿಂದ ಬರತೊಡಗಿದೆ.

ಶ್ರಾವಣದಲ್ಲಿ ಅವರನ್ನು ಕೆಲಸದಿಂದ ಬಿಡಿಸಿದರು. ವಯಸ್ಸಾಯಿತು ಎಂದು ಹೇಳಿದರು, ನಿಜವಾದ ಕಾರಣ ಅವರ ಎಣಿಕೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಒಂದು ಶಾಲು, ಹಾರ, ಗುಂಪಿನ ಫೋಟೋ. ಮ್ಯಾನೇಜರು ಭಾಷಣ ಮಾಡಿ ಇವರು ನಮ್ಮ ಆಸ್ತಿ ಎಂದ. ಕಾಕಾ ಶಾಲನ್ನು ಮಡಚಿ ಬಗಲಿಗಿಟ್ಟುಕೊಂಡು, ನಿಲ್ಲಿಸಿದ್ದ ಗಾಡಿಗಳ ಸಾಲಿನಲ್ಲಿ ಒಮ್ಮೆ ನಡೆದು ಬಂದರು. ನನ್ನ ಹತ್ತಿರ ನಿಂತು ಅದನ್ನೇ ಕೇಳಿದರು. ಅದೇ ಉತ್ತರ ಕೊಟ್ಟೆ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಚಿಂತಾಕಿಯಿಂದ ಆಗಾಗ ಫೋನು ಮಾಡುತ್ತಿದ್ದರು. ಅಲ್ಲಿ ಸಿಗ್ನಲ್ ಸಿಗುವುದು ಕಷ್ಟ, ಹೊಲದ ದಿಬ್ಬ ಹತ್ತಿ ನಿಂತು ಮಾತಾಡುತ್ತೇನೆ ಎನ್ನುತ್ತಿದ್ದರು. ಹೊಸ ಗಾಡಿ ಯಾವುದು ಬಂತು, ಹಿಂದಿನ ಸೀಟು ಹೇಗಿದೆ ಎಂದು ವಿಚಾರಿ‌ಸಿ, ಕೊನೆಗೆ ಅದೇ ಮಾತು. ದೀಪಾವಳಿಯ ದಿನ ಮಾಡಿದಾಗ ನಾನು ಬಹಳ ದಣಿದಿದ್ದೆ. ಹಬ್ಬದ ಡೆಲಿವರಿಗಳ ನಡುವೆ ನಿಂತ ಕಾಲಲ್ಲೇ ಫೋನೆತ್ತಿದೆ.

‘ಕೇಳಿದೇನು?’

‘ಕೇಳಿದೆ ಕಾಕಾ. ಈಗ ಸವಿತಾನೇ ಮುಂದ ಕೂಡ್ತಾಳ.’

‘ಹೌದಾ!’ ದಿಬ್ಬದ ಮೇಲಿನ ಗಾಳಿಯ ಸದ್ದಿನ ನಡುವೆ ಅವರು ಜೋರಾಗಿ ನಕ್ಕರು. ‘ಅವ್ವ ಏನಂದ್ಲು?’

‘ಏನೂ ಅನಲಿಲ್ಲ.’

‘ನೋಡಿದೇನು! ನಾ ಹೇಳಿರಲಿಲ್ಲಾ? ಬೇಸಾತು, ತಮ್ಮಾ, ಭಾಳ ಬೇಸಾತು’ ಎಂದು ಮತ್ತೆ ನಕ್ಕರು. ನಗುತ್ತಲೇ ಲೈನು ಕಟ್ಟಾಯಿತು.

ಐದನೆಯ ದಿನ ಬೆಳಿಗ್ಗೆ ಅವರ ತಮ್ಮ ಫೋನು ಮಾಡಿ ಸುದ್ದಿ ಹೇಳಿದ. ಎದೆ ಹಿಡಿದುಕೊಂಡರಂತೆ, ಔರಾದಿಗೆ ಒಯ್ಯುವಷ್ಟರಲ್ಲಿ ಹೋಗಿಬಿಟ್ಟರಂತೆ. ಮಧ್ಯಾಹ್ನ ಮಣ್ಣು.

ಗಾಡಿ ಹೊರಗೆ ತೆಗೆದೆ. ಅವ್ವ ದಿನದ ಹಾಗೆ ಮುಂದೆ ಕೂತಳು, ಹೆಂಡತಿ ಮಗಳು ಹಿಂದೆ. ಸವಿತಾ ಬಾಗಿಲಿಗೆ ಬಂದಳು. ಕೈ ಬೀಸುತ್ತಾಳೆ ಎಂದುಕೊಂಡೆ. ಅವಳು ಕೋಲೂರುತ್ತ ಗಾಡಿಯ ಹತ್ತಿರ ಬಂದು ನಿಂತಳು.

‘ನಾನೂ ಬರ್ತೇನಿ ಅಣ್ಣಾ. ಇವತ್ತ ಎತ್ತಿದ್ರೂ ನಡೀತದ.’

ನನ್ನಿಂದ ಅವಳನ್ನು ಎತ್ತಲಾಗಲಿಲ್ಲ. ಗಾಡಿಯನ್ನು ಸುತ್ತಿ ಬಂದು ಅವ್ವನ ಕಿಟಕಿಯ ಹತ್ತಿರ ನಿಂತೆ. ಐದು ತಿಂಗಳಿಂದ ಮುಂದೂಡಿದ ಮಾತನ್ನು ಕೇಳಿಬಿಟ್ಟೆ.

‘ಅವ್ವಾ, ನೀ ಹಿಂದ ಕೂಡ್ತೇನು? ಮುಂದಾದ್ರ ಸವಿತಾ ತಾನೇ ಹತ್ತತಾಳ.’

ಅವ್ವ ನನ್ನ ಮುಖ ನೋಡಿದಳು. ಆಗಲೇ ಬಾಗಿಲು ತೆರೆದು ಒಂದು ಕಾಲು ಕೆಳಗಿಟ್ಟಿದ್ದಳು.

‘ಇಷ್ಟು ದಿನ ಬಾಯಿಗಿ ಏನಾಗಿತ್ತೋ ನಿನಗ? ನಾ ಏನ್ ಬೇಡಿದ್ದೇನು ಈ ಸೀಟು? ಎದುರ ಬರೋ ಲಾರಿ ಎಲ್ಲಾ ಮೈಮ್ಯಾಲೇ ಬಂದಂಗ ಆಗ್ತದ ನನಗ. ಕಣ್ಣ ಮುಚ್ಕೊಂಡೇ ಕೂಡ್ತಿದ್ದೆ. ಮಗ ಹೌಸಿಲೆ, ಪ್ರೀತಿಲೆ ಕೂಡ್ಸ್ಯಾನ, ಬ್ಯಾಡ ಅಂದ್ರ ಬ್ಯಾಸರಾಗ್ತಾನಂತ ಸುಮ್ಮನಿದ್ದೆ.’

ಹಿಂದೆ ಹೋಗಿ ಮೊಮ್ಮಗಳ ಪಕ್ಕದಲ್ಲಿ ಕಾಲು ಮಡಚಿಕೊಂಡು ಕೂತು, ಉಸ್ಸೆಂದು ಸೀಟಿಗೆ ಒರಗಿದಳು. ನಾನು ಮುಂದಿನ ಸೀಟು ಸರಿಸಿದೆ. ಸವಿತಾ ಹತ್ತಿ ಕೂತು ಬಾಗಿಲು ಹಾಕಿಕೊಂಡಳು.

ಜನವಾಡ ಮುಟ್ಟುವ ಹೊತ್ತಿಗೆ ಅವ್ವನಿಗೆ ನಿದ್ದೆ ಹತ್ತಿತ್ತು. ಅಲ್ಲಿಂದ ಮುಂದೆ ನನಗೆ ತಡೆಯಲಾಗಲಿಲ್ಲ, ಗಾಡಿಯನ್ನು ಬದಿಗೆ ನಿಲ್ಲಿಸಿ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತೆ. ಸತ್ತವರಿಗಾಗಿ ಅಳುತ್ತಿದ್ದೇನೆಂದುಕೊಂಡು ಸವಿತಾ ನನ್ನ ಬೆನ್ನು ಸವರಿದಳು. ಫೋನಿನಲ್ಲಿ ನನ್ನ ಸುಳ್ಳನ್ನು ನಂಬಿ ಕಾಕಾ ಎಷ್ಟು ಖುಷಿಯಿಂದ ನಕ್ಕಿದ್ದರು ಎಂಬುದು ಅವಳಿಗೆ ಗೊತ್ತಿರಲಿಲ್ಲ.